46 ಕೆಜಿ ಲ್ಯಾಬ್ರಡಾರ್: ನಾಯಿಯ ಬಾಯಿ ಕಟ್ಟುವುದೋ, ಮನೆಯವರ ಕೈ ಕಟ್ಟುವುದೋ?

ಅಡಿಕೆತೋಟ (ಸಾಗರ)
ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬ್ರಡಾರ್ ಭೀಮನಿಗೆ 6 ವರ್ಷ. ಗಂಡು, ಸಂತಾನಹರಣ ಆಪರೇಶನ್ ಆಗಿದೆ. ಮೊನ್ನೆ ಅಡಿಕೆ ಮಂಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆವು, 46 ಕೆಜಿ ತೋರಿಸಿತು. ಡಾಕ್ಟರ್ "34ರ ಹತ್ತಿರ ಬರಬೇಕು, ಊಟ ಕಡಿಮೆ ಮಾಡಿ, ವಾಕಿಂಗ್ ಮಾಡಿಸಿ" ಅಂದರು. ಎಷ್ಟು ಕಡಿಮೆ, ಎಷ್ಟು ವಾಕಿಂಗ್ ಅಂತ ಕೇಳುವಷ್ಟರಲ್ಲಿ ಹಸು ಹಿಡಿದುಕೊಂಡು ಇನ್ನೊಬ್ಬರು ಬಂದರು, ಮಾತು ಅಲ್ಲಿಗೇ ನಿಂತಿತು.

ಇಲ್ಲಿ ಈಗ ಮಳೆ. ತೋಟಕ್ಕೆ ಕರೆದುಕೊಂಡು ಹೋದರೆ ಅವನ ಬೆರಳ ಸಂದಿಗೂ ಉಂಬಳ (ಜಿಗಣೆ), ನನ್ನ ಕಾಲಿಗೂ ಉಂಬಳ. ಜಗಲಿಯ ಮೂರು ಮೆಟ್ಟಿಲು ಹತ್ತಿ ಬಂದರೆ ಅವನಿಗೆ ಏದುಸಿರು. ಊಟ ಕಡಿಮೆ ಮಾಡಿದರೆ ಅತ್ತೆಗೆ ಬೇಜಾರು: "ಬಾಯಿಲ್ಲದ ಪ್ರಾಣಿ, ಹೊಟ್ಟೆಗೆ ಹಾಕದೆ ಸಾಯಿಸ್ತೀಯಾ?" ದೊಡ್ಡ ನಾಯಿಯ ತೂಕ ನಿಜವಾಗಿ ಇಳಿಸಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ಬಳ್ಳಾರಿ ಬಿಸಿಲು
ಸಿಂಪಲ್ ಅಕ್ಕ. ಬೈಕ್ ಹಿಂದೆ ದಿನಾ 3 ಕಿಲೋಮೀಟರ್ ಓಡಿಸಿ. ನಮ್ಮ ರಾಟ್‌ವೀಲರ್‌ಗೆ ಹಾಗೇ ಮಾಡಿಸುತ್ತೇವೆ, ಕಲ್ಲಿನ ಹಾಗೆ ಇದ್ದಾನೆ.

ದನದ ಡಾಕ್ಟ್ರು
ದಯವಿಟ್ಟು ಇದನ್ನು ಮಾಡಬೇಡಿ. ಲ್ಯಾಬ್ರಡಾರ್ ತಳಿಗೆ ಮೊದಲೇ ಸೊಂಟದ ಕೀಲು, ಮೊಣಕೈ ಕೀಲಿನ ತೊಂದರೆ ಜಾಸ್ತಿ. ಅದರ ಮೇಲೆ 12 ಕೆಜಿ ಹೆಚ್ಚುವರಿ ಭಾರ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗಾಗಬೇಕು. ಕೊಬ್ಬು ತುಂಬಿದ ನಾಯಿಗೆ ಅದೂ ಸರಿಯಾಗಿ ಆಗುವುದಿಲ್ಲ. ಹೀಗೆ ಓಡಿಸಿ ಹೀಟ್ ಸ್ಟ್ರೋಕ್ ಆಗಿ ಬಂದ ನಾಯಿಗಳಲ್ಲಿ ಎಲ್ಲವನ್ನೂ ಉಳಿಸಲು ಆಗಿಲ್ಲ.

ಬಳ್ಳಾರಿ ಬಿಸಿಲು
ನಮ್ಮದಕ್ಕೆ ಏನೂ ಆಗಿಲ್ಲವಲ್ಲ ಸರ್.

ದನದ ಡಾಕ್ಟ್ರು
ವಯಸ್ಸೆಷ್ಟು?

ಬಳ್ಳಾರಿ ಬಿಸಿಲು
2 ವರ್ಷ.

ದನದ ಡಾಕ್ಟ್ರು
ತೂಕ ಸರಿಯಾಗಿರುವ 2 ವರ್ಷದ ನಾಯಿಯನ್ನೂ ಬಳ್ಳಾರಿ ಬಿಸಿಲಲ್ಲಿ ಬೈಕ್ ಹಿಂದೆ ಓಡಿಸಬಾರದು. ಭೀಮನ ಮಾತಂತೂ ಬಿಡಿ.

ಅಡಿಕೆತೋಟ ಮೇಡಂ, ಬೆಳಿಗ್ಗೆಯಿಂದ ರಾತ್ರಿವರೆಗೆ ಅವನ ಬಾಯಿಗೆ ಏನೇನು ಹೋಗುತ್ತದೆ ಅಂತ ಬರೆಯಿರಿ. ನೀವು ಕೊಟ್ಟಿದ್ದು ಮಾತ್ರ ಅಲ್ಲ, ಮನೆಯವರೆಲ್ಲ ಕೊಟ್ಟಿದ್ದು.

ಅಡಿಕೆತೋಟ (ಸಾಗರ)
ಬೆಳಿಗ್ಗೆ 3 ಇಡ್ಲಿ, ಒಂದು ಲೋಟ ಹಾಲು. ಮಧ್ಯಾಹ್ನ ಒಂದು ದೊಡ್ಡ ಸ್ಟೀಲ್ ಬಟ್ಟಲು ಡಾಗ್ ಫುಡ್. ಇವತ್ತು ತೂಗಿ ನೋಡಿದೆ, 250 ಗ್ರಾಂ ಇದೆ. ಸಂಜೆ ಟೀ ಹೊತ್ತಿಗೆ ಮಾವ ಗ್ಲೂಕೋಸ್ ಬಿಸ್ಕತ್ತು ಕೊಡುತ್ತಾರೆ. 8 ಅಂತ ಅವರು ಹೇಳುತ್ತಾರೆ. ರಾತ್ರಿ ಒಂದು ತಟ್ಟೆ ಮೊಸರನ್ನ. ಭಾನುವಾರ ಇದರ ಜೊತೆ ಕೋಳಿ.

ಬಿಸಿಬೇಳೆ
"8 ಅಂತ ಅವರು ಹೇಳುತ್ತಾರೆ" 😂 ನಮ್ಮನೆ ಮಾವನೂ ಎರಡೇ ಅನ್ನುತ್ತಾರೆ, ಪ್ಯಾಕೆಟ್ ಮಾತ್ರ ಎರಡು ದಿನಕ್ಕೆ ಖಾಲಿ.

ಮೈಸೂರು ಮಲ್ಲಿಗೆ
ಆಪರೇಶನ್ ಮಾಡಿಸಿದ್ದೇ ತಪ್ಪು. ಮಾಡಿಸಿದ ಮೇಲೆ ಎಲ್ಲ ನಾಯಿಗಳೂ ಊದಿಕೊಳ್ಳುತ್ತವೆ. ನಮ್ಮ ಬೀದಿಯಲ್ಲೇ ನಾಲ್ಕು ಉದಾಹರಣೆ ಇವೆ.

ದನದ ಡಾಕ್ಟ್ರು
ಅರ್ಧ ಸರಿ. ಆಪರೇಶನ್ ಆದ ಮೇಲೆ ದೇಹಕ್ಕೆ ಬೇಕಾಗುವ ಶಕ್ತಿ ಸುಮಾರು ಕಾಲು ಭಾಗ ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಬಟ್ಟಲು ಮೊದಲಿನಷ್ಟೇ ತುಂಬಿದರೆ ನಾಯಿ ದಪ್ಪ ಆಗದೆ ಇನ್ನೇನು ಆಗುತ್ತದೆ? ಆಪರೇಶನ್ ಮಾಡಿದ ದಿನವೇ ಊಟದ ಅಳತೆ ಕಡಿಮೆ ಮಾಡಲು ಹೇಳಬೇಕು, ನಮ್ಮಲ್ಲಿ ಬಹಳ ಜನ ಹೇಳುವುದಿಲ್ಲ. ಅದಕ್ಕಾಗಿ ಆಪರೇಶನ್ನೇ ಬೇಡ ಅನ್ನಬೇಡಿ. ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬಂದರೆ ಜೀವಕ್ಕೇ ಕುತ್ತು.

ಈಗ ಭೀಮನ ಲೆಕ್ಕ. ಡಾಗ್ ಫುಡ್ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಅಂತ ಇಟ್ಟುಕೊಳ್ಳೋಣ (ನಿಮ್ಮ ಪ್ಯಾಕೆಟ್ ನೋಡಿ). 250 ಗ್ರಾಂಗೆ 875. ಮೂರು ಇಡ್ಲಿ 170ರಷ್ಟು. ಹಾಲು 120. ಬಿಸ್ಕತ್ತು ಒಂದಕ್ಕೆ 20ರ ಮೇಲೆ, ಎಂಟಕ್ಕೆ 175. ಮೊಸರನ್ನ ಕಡಿಮೆ ಅಂದರೂ 350. ಎಲ್ಲ ಸೇರಿ ಸುಮಾರು 1690. ಮೇಲೆ ಒಂದು ಚಮಚ ತುಪ್ಪ ಬಿದ್ದರೆ ಇನ್ನೊಂದು ನೂರು.

ಅವನಿಗೆ ಬೇಕಾದ್ದು ಎಷ್ಟು? ಈಗಿನ ತೂಕಕ್ಕಲ್ಲ, ಗುರಿ ತೂಕಕ್ಕೆ ಲೆಕ್ಕ ಹಾಕಬೇಕು. 34 ಕೆಜಿಗೆ ದಿನಕ್ಕೆ ಸುಮಾರು 985 ಕ್ಯಾಲೊರಿಯಿಂದ ಶುರು ಮಾಡುತ್ತೇವೆ. ಅಂದರೆ ಮಧ್ಯಾಹ್ನದ ಆ ಒಂದು ಬಟ್ಟಲಲ್ಲೇ ಇಡೀ ದಿನದ ಪಾಲು ಹೆಚ್ಚೂಕಡಿಮೆ ಮುಗಿಯಿತು. ಉಳಿದಿದ್ದೆಲ್ಲ ಹೆಚ್ಚುವರಿ.

ಲೆಕ್ಕದ ಮೇಷ್ಟ್ರು
ಡಾಕ್ಟ್ರೇ, ತೂಕವನ್ನು 30ರಿಂದ ಗುಣಿಸಿ 70 ಸೇರಿಸಿ ಅಂತ ಎಲ್ಲೋ ಓದಿದ್ದೆ. ಹಾಗೆ ಮಾಡಿದರೆ 1090 ಬರುತ್ತದೆ. ನಿಮ್ಮದು 985. ಯಾವುದು ಸರಿ?

ದನದ ಡಾಕ್ಟ್ರು
ಅದು ಅಂದಾಜಿನ ಸೂತ್ರ, ದೊಡ್ಡ ನಾಯಿಗೆ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಸರಿಯಾದ್ದು ಬೇಕಾದರೆ ಮಾಮೂಲಿ ಕ್ಯಾಲ್ಕುಲೇಟರ್ ಸಾಕು. 34 × 34 × 34 ಮಾಡಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ.

ಲೆಕ್ಕದ ಮೇಷ್ಟ್ರು
985.6 ಬಂತು. ಭೇಷ್! ನಾಳೆ ಎಂಟನೇ ಕ್ಲಾಸಿಗೆ ಇದೇ ಲೆಕ್ಕ ಕೊಡುತ್ತೇನೆ.

ಹಳೇ ಕಾಲವೇ ಚೆಂದ
ಏನು ಕಾಲ ಬಂತಪ್ಪ. ನಾಯಿಗೆ ಕ್ಯಾಲೊರಿ, ನಾಯಿಗೆ ವರ್ಗಮೂಲ. ನಮ್ಮಜ್ಜನ ಮನೆಯಲ್ಲಿ ಉಳಿದ ಮುದ್ದೆ, ಸಾರು ಹಾಕುತ್ತಿದ್ದರು. ಒಂದು ನಾಯಿಯೂ ದಪ್ಪ ಇರಲಿಲ್ಲ.

ಬಿಸಿಬೇಳೆ
ಅಜ್ಜನ ಮನೆ ನಾಯಿ ಬೆಳಗಿನಿಂದ ಸಂಜೆವರೆಗೆ ಗದ್ದೆ, ಕಣ, ಊರು ಸುತ್ತುತ್ತಿತ್ತು ಅಣ್ಣ. ಉಳಿದರೆ ಊಟ, ಇಲ್ಲದಿದ್ದರೆ ಇಲ್ಲ. ಭೀಮ ಜಗಲಿಯಿಂದ ಅಡುಗೆಮನೆಗೆ ಹೋಗಿ ಬರುತ್ತಾನೆ. ಎರಡೂ ಒಂದೇನಾ?

ಲೀಡ್ಸ್ ಕನ್ನಡತಿ
ಲ್ಯಾಬ್ರಡಾರ್ ಸಾಕಿದವರು ಒಂದು ವಿಷಯ ತಿಳಿದಿರಬೇಕು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಈ ತಳಿಯ ಜೀನ್ ಬಗ್ಗೆ ಸಂಶೋಧನೆ ಪ್ರಕಟಿಸಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ತುಣುಕು ಇರುವುದಿಲ್ಲ. ಹಾಗಾಗಿ "ಸಾಕು" ಅಂತ ಮೆದುಳಿಗೆ ಹೋಗಬೇಕಾದ ಸುದ್ದಿ ಸರಿಯಾಗಿ ಹೋಗುವುದಿಲ್ಲ. 2024ರಲ್ಲಿ ಅದೇ ತಂಡದವರು ಇನ್ನೊಂದು ವಿಷಯ ಕಂಡುಕೊಂಡರು: ಈ ನಾಯಿಗಳು ಸುಮ್ಮನೆ ಮಲಗಿದ್ದಾಗ ಕ್ಯಾಲೊರಿಯನ್ನೂ ಕಾಲು ಭಾಗದಷ್ಟು ಕಡಿಮೆ ಖರ್ಚು ಮಾಡುತ್ತವೆ. ಹಸಿವು ಜಾಸ್ತಿ, ಖರ್ಚು ಕಡಿಮೆ.

ಅವನು ನಿಮ್ಮ ಮುಖ ನೋಡಿಕೊಂಡು ಜೊಲ್ಲು ಸುರಿಸುವುದು ನಾಟಕ ಇರಲಿಕ್ಕಿಲ್ಲ. ನಿಜವಾಗಿಯೂ ಹಸಿವಾಗಿರಬಹುದು.

ಮೈಸೂರು ಮಲ್ಲಿಗೆ
ಜೀನ್ ಅಂದ ಮೇಲೆ ಏನೂ ಮಾಡಲು ಆಗಲ್ಲ ಅಲ್ವಾ? ಪಾಪ, ತಿನ್ನಲಿ ಬಿಡಿ.

ಲೀಡ್ಸ್ ಕನ್ನಡತಿ
ಉಲ್ಟಾ ರೀ! ಹಸಿವು ಅವನ ಕೈಯಲ್ಲಿಲ್ಲ, ಬಟ್ಟಲು ನಮ್ಮ ಕೈಯಲ್ಲಿದೆ. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡರು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ. ಕಡಿಮೆ ತಿಂದವುಗಳ ಆಯಸ್ಸಿನ ಮಧ್ಯಾಂಕ 13 ವರ್ಷ, ಇನ್ನೊಂದು ಗುಂಪಿನದ್ದು 11.2. ಕೀಲುನೋವಿನ ಔಷಧಿ ಬೇಕಾಗಿದ್ದೂ ತಡವಾಗಿ. ಅತ್ತೆಯವರಿಗೆ ಇದನ್ನು ಹೇಳಿ. ಸಾಯಿಸುವ ಮಾತಲ್ಲ, ಹೆಚ್ಚೂಕಡಿಮೆ ಎರಡು ವರ್ಷ ಜಾಸ್ತಿ ಉಳಿಸುವ ಮಾತು.

ಮುಧೋಳ್ ಮಾವ
ನಮ್ಮ ತೊಂದರೆ ಉಲ್ಟಾ ರೀ. ಮುಧೋಳ ನಾಯಿ ಸಾಕೀನಿ. ಅದರ ಮೈಕಟ್ಟೇ ಸಪೂರ, ಹೊಟ್ಟೆ ಒಳಗೆ, ಪಕ್ಕೆಲುಬು ಸ್ವಲ್ಪ ಕಾಣಬೇಕು. ಬೆಂಗಳೂರಿಗೆ ಕರೆದುಕೊಂಡು ಬಂದ ಮೇಲೆ ಅಪಾರ್ಟ್‌ಮೆಂಟಿನವರೆಲ್ಲ "ಊಟ ಹಾಕಲ್ವಾ ಅಂಕಲ್?" ಅಂತ ಕೇಳುವುದೇ ಆಯಿತು. ಒಬ್ಬರಂತೂ ಲಿಫ್ಟಿನಲ್ಲಿ ನನ್ನ ಎದುರೇ ಬ್ರೆಡ್ ತಿನ್ನಿಸಿದರು. ದಪ್ಪ ನಾಯಿ ನೋಡಿ ನೋಡಿ ಜನರಿಗೆ ಸರಿಯಾದ ನಾಯಿ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿದೆ.

ಬಳ್ಳಾರಿ ಬಿಸಿಲು
ಮಾವ, ಮುಧೋಳ ಮರಿ ಎಲ್ಲಿ ಸಿಗುತ್ತದೆ? ಒಳ್ಳೆ ತಳಿ ಬೇಕಿತ್ತು.

ಮುಧೋಳ್ ಮಾವ
ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ್ದು. ಅಲ್ಲಿ ವಿಚಾರಿಸಿ. 2005ರಲ್ಲಿ ಅಂಚೆಚೀಟಿ ಮೇಲೆ ಬಂದ ನಾಯಿ ರೀ ನಮ್ಮದು! ಆದರೆ ಬೈಕ್ ಹಿಂದೆ ಓಡಿಸಲಿಕ್ಕೆ ಅಂದರೆ ಬೇಡ, ಹೇಳಿಬಿಟ್ಟೆ.

ಕರಾವಳಿ ಕಡಲು
ವಿಷಯಕ್ಕೆ ಬನ್ನಿ ಮಾರಾಯ್ರೆ. ನನ್ನ ಜರ್ಮನ್ ಶೆಫರ್ಡ್ 45ರಿಂದ 36ಕ್ಕೆ ಇಳಿದದ್ದು ಒಂದು ಡಬ್ಬಿಯಿಂದ. ಬೆಳಿಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡೀ ದಿನದ ಡಾಗ್ ಫುಡ್ ತೂಗಿ ಒಂದು ಡಬ್ಬಿಗೆ ಹಾಕುವುದು. ಲೋಟದ ಅಳತೆ ಬೇಡವೇ ಬೇಡ, ಒಬ್ಬರ ಲೋಟ ಮಟ್ಟಸ, ಇನ್ನೊಬ್ಬರದು ಗೋಪುರ. ಯಾರಿಗೆ ಪ್ರೀತಿ ಉಕ್ಕಿದರೂ ಆ ಡಬ್ಬಿಯಿಂದಲೇ ತೆಗೆದು ಕೊಡಬೇಕು. ಸಂಜೆ ಟೀ ಹೊತ್ತಿಗೆ ಬಿಸ್ಕತ್ತಿನ ಬದಲು ಅದೇ ಕಾಳು, ಒಂದೊಂದಾಗಿ. ನಾಯಿಗೆ ಬೇಕಾದ್ದು ಕೊಡುವ ಕೈ, ಬಿಸ್ಕತ್ತೇ ಆಗಬೇಕು ಅಂತಿಲ್ಲ. ಡಬ್ಬಿ ಖಾಲಿ ಆದರೆ ಅವತ್ತಿಗೆ ಮುಗಿಯಿತು.

ನಮ್ಮ ಅಮ್ಮನಿಗೇ ಡಬ್ಬಿಯ ಯಜಮಾನಿಕೆ ಕೊಟ್ಟೆ. ಆಮೇಲೆ ನನಗೇ ಬೈಗುಳ, "ಮಧ್ಯಾಹ್ನವೇ ಅರ್ಧ ಖಾಲಿ ಮಾಡಿದ್ದೀಯಲ್ಲ, ರಾತ್ರಿಗೆ ಏನು ಹಾಕುವುದು?" ಅಂತ.

ಅಡಿಕೆತೋಟ (ಸಾಗರ)
ಅಯ್ಯೋ, ಇದು ಚೆನ್ನಾಗಿದೆ. ಅತ್ತೆಗೆ ಉಗ್ರಾಣದ ಬೀಗದ ಕೈ ಬಿಟ್ಟುಕೊಟ್ಟೇ ಅಭ್ಯಾಸ ಇಲ್ಲ. ಡಬ್ಬಿ ಅವರಿಗೇ ಕೊಡುತ್ತೇನೆ.

ಮಂಡ್ಯ ಮುದ್ದೆ
ಅನ್ನ ನಿಲ್ಲಿಸಿ ರಾಗಿ ಮುದ್ದೆ ಕೊಡಿ. ಸಕ್ಕರೆ ಕಾಯಿಲೆಯವರಿಗೇ ಒಳ್ಳೆಯದು, ನಾಯಿಗೆ ಆಗಲ್ವಾ? ಹುರುಳಿ ಬೇಯಿಸಿದ ಕಟ್ಟೂ ಕೊಡಿ, ಕೊಬ್ಬು ಕರಗುತ್ತದೆ.

ದನದ ಡಾಕ್ಟ್ರು
ರಾಗಿ ಒಳ್ಳೆಯ ಧಾನ್ಯ, ಆದರೆ 100 ಗ್ರಾಂ ಹಿಟ್ಟಿಗೆ 320ಕ್ಕೂ ಜಾಸ್ತಿ ಕ್ಯಾಲೊರಿ ಇದೆ. ಅಕ್ಕಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು ದೊಡ್ಡ ಮುದ್ದೆ ಇಳಿಸಿದರೆ ಭೀಮನ ಮೂರನೇ ಒಂದು ಪಾಲು ಹೋಯಿತು. ಹುರುಳಿ ಕಟ್ಟಿನಿಂದ ನಾಯಿಯ ಕೊಬ್ಬು ಕರಗಿದ್ದನ್ನು ನಾನಂತೂ ನೋಡಿಲ್ಲ. ಒಗ್ಗರಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ನಾಯಿಗೆ ವಿಷ.

ಹೊಟ್ಟೆ ತುಂಬಿದ ಹಾಗೆ ಆಗಬೇಕಾದರೆ ಉಪ್ಪು, ಎಣ್ಣೆ ಇಲ್ಲದೆ ಬೇಯಿಸಿದ ಬೀನ್ಸ್, ಸೋರೆಕಾಯಿ, ಸಿಹಿಗುಂಬಳ ಡಾಗ್ ಫುಡ್ ಜೊತೆ ಕಲಸಿ. ಹಸಿ ಸೌತೆಕಾಯಿ ತುಂಡು ಮಾಡಿ ಕೊಡಿ. ಇಂಥ ಮೇಲೋಗರ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲಿ ಒಂದು ಪಾಲು ದಾಟಬಾರದು.

ಇನ್ನೊಂದು ಮಾತು. ಮಾಮೂಲಿ ಡಾಗ್ ಫುಡ್ಡನ್ನೇ ಬಹಳ ಕಡಿಮೆ ಮಾಡಿದರೆ ಪ್ರೋಟೀನ್, ವಿಟಮಿನ್, ಖನಿಜ ಕೂಡ ಕಡಿಮೆ ಆಗುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದಕ್ಕೇ ತೂಕ ಇಳಿಸಲೆಂದೇ ಮಾಡಿದ, ಪ್ರೋಟೀನ್ ಮತ್ತು ನಾರು ಜಾಸ್ತಿ ಇರುವ ಆಹಾರ ಇದೆ.

ಬಿಸಿಬೇಳೆ
ಅದರ ಬೆಲೆ ನೋಡಿದ್ದೀರಾ ಡಾಕ್ಟ್ರೇ? ಮನೆಯವರೆಲ್ಲರ ರೇಷನ್ ಬರುತ್ತದೆ ಅಷ್ಟು ದುಡ್ಡಿಗೆ.

ದನದ ಡಾಕ್ಟ್ರು
ಗೊತ್ತು. ಎಲ್ಲರಿಗೂ ಆಗುವುದಿಲ್ಲ. ಆಗದವರು ಮೊದಲು ಊಟದ ಮೇಲೆ ಹೆಚ್ಚಿಗೆ ಕೊಡುವುದನ್ನು ನಿಲ್ಲಿಸಿ. ಭೀಮನ ವಿಷಯದಲ್ಲಿ ಇಡ್ಲಿ, ಹಾಲು, ಬಿಸ್ಕತ್ತು, ಮೊಸರನ್ನ ಬಿಟ್ಟರೆ ಡಾಗ್ ಫುಡ್ ಕಡಿಮೆ ಮಾಡುವ ಅಗತ್ಯವೇ ಬರುವುದಿಲ್ಲ. 250 ಗ್ರಾಂ ಹಾಗೇ ಇರಲಿ, ತರಕಾರಿ ಸೇರಿಸಿ ಎರಡು ಮೂರು ಹೊತ್ತಿಗೆ ಹಂಚಿ.

ಮಲೆನಾಡ ಮಳೆ
ಈಜಿಸಿ! ಲ್ಯಾಬ್ರಡಾರ್‌ಗೆ ನೀರು ಅಂದರೆ ಪ್ರಾಣ, ಕೀಲಿಗೂ ಭಾರ ಬೀಳುವುದಿಲ್ಲ. ತೋಟದಲ್ಲಿ ಕೃಷಿ ಹೊಂಡ ಇದ್ದರೆ ಅಲ್ಲೇ ಬಿಡಿ.

ಕರಾವಳಿ ಕಡಲು
ಕೃಷಿ ಹೊಂಡಕ್ಕೆ ಮಾತ್ರ ಬೇಡ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಒದ್ದೆಯಾದರೆ ಪಾಚಿಗಟ್ಟಿ ಜಾರುತ್ತದೆ. ನಾಯಿ ಇಳಿಯುತ್ತದೆ, ಹತ್ತಲು ಆಗುವುದಿಲ್ಲ. ಉಗುರಿಗೆ ಹಿಡಿತವೇ ಸಿಗುವುದಿಲ್ಲ, ಸುತ್ತಿ ಸುತ್ತಿ ಸುಸ್ತಾಗಿ ಮುಳುಗುತ್ತದೆ. ಮನುಷ್ಯರೇ ಹೀಗೆ ಸತ್ತಿದ್ದಾರೆ. ಹೊಂಡ ಇರುವವರು ಬೇಲಿ ಹಾಕಿ, ದಡದಿಂದ ನೀರಿನೊಳಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ, ಹಳೇ ಟೈರ್ ಕಟ್ಟಿ.

ಮಲೆನಾಡ ಮಳೆ
ಹೌದು, ಈ ಮಾತು ಒಪ್ಪಿದೆ. ಹಾಗಾದರೆ ಮಳೆ ನಿಂತ ಮೇಲೆ ಶರಾವತಿ ಹಿನ್ನೀರಿನಲ್ಲಿ ಇಳಿಜಾರು ಸಪಾಟಾಗಿರುವ ಕಡೆ, ಲೈಫ್ ಜಾಕೆಟ್ ಹಾಕಿ, ಉದ್ದ ಹಗ್ಗ ಹಿಡಿದುಕೊಂಡು. ಸದ್ಯಕ್ಕೆ ಜಗಲಿಯಲ್ಲೇ ಕೆಲಸ ಕೊಡಿ. ಅಡಿಕೆ ಹಾಳೆಯ ಕೆಳಗೆ, ಗೋಣಿಚೀಲದ ಮಡಿಕೆಯಲ್ಲಿ ಡಾಗ್ ಫುಡ್ ಕಾಳು ಬಚ್ಚಿಟ್ಟು ಮೂಸಿ ಹುಡುಕಲಿ. ಎರಡು ನಿಮಿಷದಲ್ಲಿ ನುಂಗುವ ಊಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ.

ಮೈಸೂರು ಮಲ್ಲಿಗೆ
ಮೆಟ್ಟಿಲು ಹತ್ತಲು ಕಷ್ಟ ಅಂದರೆ ಕಾಲುನೋವು ಇರಬೇಕು. ಮನೆಯಲ್ಲಿ ಇರುವ ನೋವಿನ ಮಾತ್ರೆ ಅರ್ಧ ಕೊಡಿ, ಚೆನ್ನಾಗಿ ನಡೆಯುತ್ತಾನೆ.

ದನದ ಡಾಕ್ಟ್ರು
ಕೊಡಬೇಡಿ, ಕೊಡಬೇಡಿ, ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಟ್ಟರೂ ಲಿವರ್‌ಗೆ ಅಪಾಯ. ನಾಯಿಗೆಂದೇ ಬೇರೆ ನೋವಿನ ಔಷಧಿ ಇದೆ, ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ.

ಮೇಡಂ, ಆಸ್ಪತ್ರೆಗೆ ಹೋದಾಗ ರಕ್ತಪರೀಕ್ಷೆ ಕೇಳಿ. ಥೈರಾಯ್ಡ್ ಕಡಿಮೆ ಇರುವ ನಾಯಿ ಮಂಕಾಗಿರುತ್ತದೆ, ಚಳಿ ತಡೆಯುವುದಿಲ್ಲ, ಬಾಲದ ಕೂದಲು ಉದುರುತ್ತದೆ. ಲೆಕ್ಕವಿಲ್ಲದಷ್ಟು ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಹೊಟ್ಟೆ ಮಾತ್ರ ಜೋತುಬಿದ್ದಿದ್ದರೆ ಕುಶಿಂಗ್ಸ್ ಅನ್ನುವ ಇನ್ನೊಂದು ಕಾಯಿಲೆ ನೋಡಬೇಕು. ಅವೆರಡರಲ್ಲಿ ಒಂದಿದ್ದರೂ ಬರೀ ಊಟ ಕಡಿಮೆ ಮಾಡಿ ಪ್ರಯೋಜನ ಇಲ್ಲ.

ಮನೆಯಲ್ಲಿ ನೋಡುವ ವಿಧಾನ: ನಿಮ್ಮ ಕೈ ಚಾಚಿ, ಬೆರಳ ಬುಡದ ಗೆಣ್ಣುಗಳ ಮೇಲೆ ಇನ್ನೊಂದು ಕೈ ಸವರಿ. ಪಕ್ಕೆಲುಬು ಹಾಗೆ ಕೈಗೆ ಸಿಕ್ಕರೆ ತೂಕ ಸರಿ. ಒತ್ತಿ ಹುಡುಕಬೇಕಾದರೆ ಜಾಸ್ತಿ. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಿರಬೇಕು. ವಾರಕ್ಕೆ ಮೈತೂಕದ ಶೇ. 1ರಿಂದ 2 ಇಳಿದರೆ ಸಾಕು. ಭೀಮನಿಗೆ ಅದು ಅರ್ಧ ಕೆಜಿಯಿಂದ 900 ಗ್ರಾಂ. ಅದಕ್ಕಿಂತ ಬೇಗ ಬೇಡ.

ಹಳೇ ಕಾಲವೇ ಚೆಂದ
ಹಬ್ಬದ ದಿನವಾದರೂ ಒಂದು ಹೋಳಿಗೆ ಕೊಡಬಹುದಾ, ಅದಕ್ಕೂ ವರ್ಗಮೂಲವಾ?

ಲೀಡ್ಸ್ ಕನ್ನಡತಿ
ಬೆಲ್ಲ, ತುಪ್ಪ ಎರಡೂ ತುಂಬಿದ್ದು, ಬೇಡ. ಪಾಯಸದ ಒಣದ್ರಾಕ್ಷಿ ಅಂತೂ ಒಂದು ಕಾಳೂ ಬೇಡ, ಕೆಲವು ನಾಯಿಗಳ ಕಿಡ್ನಿ ಸ್ವಲ್ಪಕ್ಕೇ ಕೈಕೊಡುತ್ತದೆ. ಹಬ್ಬದ ಎಣ್ಣೆ ತಿಂಡಿ ತಿಂದು ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರುವುದೂ ಉಂಟು.

ಅಂದಹಾಗೆ ಇಲ್ಲಿ ಇಂಗ್ಲೆಂಡಿನಲ್ಲಿ ಎಷ್ಟೋ ಕ್ಲಿನಿಕ್‌ಗಳಲ್ಲಿ ನರ್ಸ್‌ಗಳೇ ತೂಕ ನೋಡುತ್ತಾರೆ, ಅದಕ್ಕೆ ಫೀಸ್ ಇರುವುದಿಲ್ಲ. ಹೋಗಿ ತೂಕ ಹಾಕಿ, ಚೀಟಿಯಲ್ಲಿ ಬರೆಸಿಕೊಂಡು ಬರುವುದು. ಅಲ್ಲಿ ಮಂಡಿಯ ಯಂತ್ರ ಇದ್ದರೆ ಅದೂ ಒಳ್ಳೆಯದೇ, ಪ್ರತಿ ಸಲ ಅದರಲ್ಲೇ ತೂಗಿ. ಯಂತ್ರ ಬದಲಾದರೆ ಲೆಕ್ಕ ಕೆಡುತ್ತದೆ.

ಅಡಿಕೆತೋಟ (ಸಾಗರ)
ತಿಂಗಳಾಯಿತು, ಸುದ್ದಿ ಹೇಳೋಣ ಅಂತ ಬಂದೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇದೆ. ಅದೇ ಮಂಡಿಯ ಯಂತ್ರದಲ್ಲಿ ಈಗ 44.3.

ಡಬ್ಬಿ ಅತ್ತೆಯ ವಶದಲ್ಲಿದೆ. ಮಾವ ಒಂದು ವಾರ ಮುಖ ಊದಿಸಿಕೊಂಡು ಇದ್ದರು. ಈಗ ಟೀ ಹೊತ್ತಿಗೆ ಅಂಗೈಯಲ್ಲಿ ಕಾಳು ಎಣಿಸಿಕೊಂಡು ಕೂರುತ್ತಾರೆ, ಅವನು ಒಂದೊಂದನ್ನೂ ಬಿಸ್ಕತ್ತಿನಷ್ಟೇ ಗಂಭೀರವಾಗಿ ತಿನ್ನುತ್ತಾನೆ. ತೊಂದರೆ ಈಗ ಪಕ್ಕದ ಮನೆಯದ್ದು. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಬೇಲಿ ನುಸುಳಿ ಅಲ್ಲಿ ಹಾಜರ್. ಬಾಯಲ್ಲಿ ಅಕ್ಕಿರೊಟ್ಟಿ ಚೂರು ಅಂಟಿಸಿಕೊಂಡು ಬರುತ್ತಾನೆ. ಅವರಿಗೆ ಹೇಳಿದರೆ "ನಾವೇನು ಕೊಟ್ಟಿಲ್ಲಪ್ಪ" ಅನ್ನುತ್ತಾರೆ.

ಮುಧೋಳ್ ಮಾವ
ಕೊರಳಪಟ್ಟಿಗೆ ಒಂದು ಬೋರ್ಡ್ ಕಟ್ಟಿ: "ನನಗೆ ಪಥ್ಯ, ಏನೂ ಕೊಡಬೇಡಿ." ನಾನೂ ಲಿಫ್ಟಿಗೆ ಅಂತ ಒಂದು ಮಾಡಿಸಿದ್ದೇನೆ.

ಕರಾವಳಿ ಕಡಲು
ಬೋರ್ಡಿಗಿಂತ ಬೇಲಿ ರಿಪೇರಿ ಮಾಡಿಸಿ. ನಾಯಿ ಓದಿಸಿಕೊಳ್ಳಲು ನಿಲ್ಲುವುದಿಲ್ಲ.

ದನದ ಡಾಕ್ಟ್ರು
ಒಳ್ಳೆಯ ಇಳಿಕೆ. ಮುಂದೆ ಒಂದೆರಡು ತಿಂಗಳು ಬಿಟ್ಟು ತೂಕ ಇಳಿಯುವುದು ನಿಂತ ಹಾಗೆ ಕಾಣಬಹುದು. ಆಗ ಗಾಬರಿಯಾಗಿ ಊಟವನ್ನು ಅರ್ಧಕ್ಕೆ ಇಳಿಸಬೇಡಿ, ಅಳತೆಯಲ್ಲಿ ಶೇ. 5ರಿಂದ 10 ಮಾತ್ರ ಕಡಿಮೆ ಮಾಡಿ. 34 ಮುಟ್ಟಲು ಏಳೆಂಟು ತಿಂಗಳು ಹಿಡಿದರೂ ತಪ್ಪಿಲ್ಲ.

ಬಿಸಿಬೇಳೆ
ನಮ್ಮನೆ ಬೆಕ್ಕು 7 ಕೆಜಿ ಇದೆ. ಇದೇ ಲೆಕ್ಕ ಅದಕ್ಕೂ ಆಗುತ್ತಾ? ಎರಡು ದಿನ ಉಪವಾಸ ಹಾಕಿ ಶುರು ಮಾಡೋಣ ಅಂತಿದ್ದೇನೆ.

ದನದ ಡಾಕ್ಟ್ರು
ಉಪವಾಸ ಬೇಡವೇ ಬೇಡ! ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಸಾಯಬಹುದು. ಬೆಕ್ಕನ್ನು ಇನ್ನೂ ನಿಧಾನವಾಗಿ ಇಳಿಸಬೇಕು. ಬೇರೆ ಚರ್ಚೆ ಶುರು ಮಾಡಿ, ಅದರ ವಯಸ್ಸು, ಊಟ ಎಲ್ಲ ಬರೆಯಿರಿ. ರಾತ್ರಿ ನೋಡುತ್ತೇನೆ.